ಒಳಲೆಯ ವೈರಿ

ಡಾಕ್ಟರ್ ಚನ್ನಮಲ್ಲಪ್ಪನವರು ರೋಗಿಯ ಮುಖ ನೋಡುತ್ತಿದ್ದುದು ಕಡಮೆ, ಬೆನ್ನು ನೋಡುತ್ತಿದ್ದುದೇ ಹೆಚ್ಚು. ಸ್ಟೆತಾಸ್ಕೋಪು ಕೊರಳಲ್ಲಿ ಸುಮ್ಮನೆ ತೂಗುತ್ತಿರಲು, ಬರಿಗಿವಿಯನ್ನೇ ಬೆನ್ನಿಗೊತ್ತಿ, ಕಣ್ಣು ಮುಚ್ಚಿ, ಒಳಗಿನ ಉಸಿರಿನ ಸದ್ದನ್ನು ಆಲಿಸುವರು. ಆ ಅಭ್ಯಾಸದಿಂದ ಕತ್ತು ಬಲಕ್ಕೆ ವಾಲಿ, ಕರಿಯ ಉಣ್ಣೆಕೋಟು ತೊಟ್ಟು ಶನಿವಾರಸಂತೆಯ ಬೀದಿಯಲ್ಲಿ ನಡೆಯುವಾಗಲೂ ಯಾರದೋ ಗುಟ್ಟು ಕೇಳುತ್ತಿರುವವರಂತೆ ಕಾಣುತ್ತಿದ್ದರು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ, ಪೆನಿಸಿಲಿನ್ ಹೊಸದಾಗಿ ಕೈಗೆ ಸಿಕ್ಕ ಕಾಲ. ನ್ಯುಮೋನಿಯಾ ಎಂದು ಹೆಸರಿಟ್ಟು ಸೂಜಿ ಚುಚ್ಚಿದರೆ ವೈದ್ಯನ ಕೆಲಸ ಮುಗಿಯಿತೆಂದು ಅವರು ಒಪ್ಪುತ್ತಿರಲಿಲ್ಲ. ಎಲ್ಲಿಂದ ಬಂತು ಎಂದು ಕೆದಕಿ ಕೆದಕಿ ಕೇಳುವರು. ಗಟ್ಟಿಮುಟ್ಟಾದ ಆಳಿಗೆ ಮೈ ನಡುಗಿ ಜ್ವರವೇರಿ, ಒಂದು ಪಕ್ಕೆ ಹಿಡಿದು, ತುಕ್ಕಿನ ಬಣ್ಣದ ಕಫ ಬಿದ್ದರೆ ಅದೊಂದು ಬಗೆ. ದಡಾರ ಇಳಿದ ಮೇಲೆ ಮಕ್ಕಳ ಎರಡೂ ಶ್ವಾಸಕೋಶಗಳಲ್ಲಿ ಚದುರಿ ಕೂರುವುದು ಇನ್ನೊಂದು. ಇವು ಬಹುಪಾಲು ಸೂಜಿಗೆ ಮಣಿಯುತ್ತಿದ್ದವು. ಮಣಿಯದ ಬಗೆಯೊಂದಿತ್ತು. ಅಳುವ ಕೂಸಿನ ಮೂಗು ಹಿಡಿದು, ಹಾಲು ಮದ್ದು ಕುಡಿಸುವ ಕೊಕ್ಕಿನ ಬಾಯಿಯ ಪುಟ್ಟ ಪಾತ್ರೆ ಒಳಲೆಯಿಂದ ಹರಳೆಣ್ಣೆ ಹೊಯ್ದಾಗ, ಹೊಟ್ಟೆಗೆ ಹೋಗಬೇಕಾದ ಎಣ್ಣೆ ಉಸಿರಿನ ಹಾದಿ ಹಿಡಿದು ಹುಟ್ಟಿಸುವ ನ್ಯುಮೋನಿಯಾ. ಪೆನಿಸಿಲಿನ್ ಕ್ರಿಮಿಯನ್ನು ಕೊಲ್ಲುತ್ತದೆ, ಎಣ್ಣೆಯನ್ನು ಕರಗಿಸುವುದಿಲ್ಲ. ಅದಕ್ಕೇ ಬಾಣಂತಿಯ ಮನೆ ಹೊಕ್ಕರೆ ಮೊದಲು ಒಳಲೆಯನ್ನು ಕಿತ್ತು ಕೋಟಿನ ಜೇಬಿಗೆ ಸೇರಿಸುವರು. ಊರು ಅವರನ್ನು ಒಳಲೆ ಡಾಕ್ಟರೆಂದು ಆಡಿಕೊಂಡಿತು.

ಒಂದು ಒಳಲೆಯನ್ನು ಮಾತ್ರ ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಅದು ತಾಯಿ ಗುರುಸಿದ್ದಮ್ಮನದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಆಕೆ ಈ ಒಬ್ಬ ಮಗನನ್ನು ಸಾಕಿದ್ದೇ ಅದರಿಂದ.

ಒಂದು ಆಷಾಢದಲ್ಲಿ ಡಾಕ್ಟರ ಹಸುಗೂಸಿಗೇ ಉಸಿರು ಏರತೊಡಗಿತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ತುಟಿ ನೀಲಿಗಟ್ಟುತ್ತಿತ್ತು. ಬೆನ್ನಿಗೆ ಕಿವಿಯೊತ್ತಿ ಎದ್ದ ಡಾಕ್ಟರು, ಏನು ಕುಡಿಸಿದೆ ಎಂದು ತಮ್ಮ ತಾಯಿಯನ್ನು ಒಂದೇ ಮಾತು ಕೇಳಿದರು. ಹೊಟ್ಟೆ ಉಬ್ಬರಿಸಿತ್ತು, ಎಣ್ಣೆ ಕುಡಿಸಿದೆ ಎಂದು ಆಕೆ ಸಹಜವಾಗಿಯೇ ಹೇಳಿದರು. ಡಾಕ್ಟರು ಗೊತ್ತಿದ್ದ ಮದ್ದನ್ನೆಲ್ಲ ಮಾಡಿದರು. ಹೆಂಡತಿ ಸರ್ವಮಂಗಳ ತೊಡೆಯ ಮೇಲಿನಿಂದ ಕೂಸನ್ನು ಇಳಿಸಲಿಲ್ಲ. ಅದು ಅಲ್ಲಿಯೇ ತಣ್ಣಗಾಯಿತು.

ಮಣ್ಣು ಮಾಡಿ ಬಂದ ಮೇಲೆ ಗುರುಸಿದ್ದಮ್ಮ ಮಗನ ಕೈ ಹಿಡಿದುಕೊಂಡರು.

"ನನ್ನ ಕೈಲಿ ಏನಾರ ತಪ್ಪಾಯ್ತೇನಪ್ಪಾ?"

"ಇಲ್ಲ ಕಣವ್ವ. ನ್ಯುಮೋನಿಯಾ ಬಂತು, ಅಷ್ಟೇಯ."

ರೋಗದ ಹೆಸರಿಗೆ ಎಂದೂ ನಿಲ್ಲದ ಮನುಷ್ಯ ಅಂದು ಹೆಸರಿಗೇ ನಿಂತರು. ಮುದುಕಿಯ ಎದೆ ಹಗುರಾಯಿತು.

ಮಳೆ ಹಿಡಿದೇ ಇತ್ತು. ಪಕ್ಕದ ಮನೆಯ ಮುದ್ದಿ ಏದುಸಿರು ಬಿಡುವ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದಳು. ಎಣ್ಣೆ ಕುಡಿಸಿದವರಾರು ಎಂದು ಡಾಕ್ಟರು ಗದರಿದರು.

"ನಿಮ್ಮವ್ವಾರೇ ಸ್ವಾಮಿ. ಮೊಮ್ಮಗ ಹೋದ ಸಂಕಟಕ್ಕೆ ನನ್ನ ಮಗಾನೇ ಎತ್ತಾಡಿಸ್ತಾ ಅವ್ರೆ."

ಡಾಕ್ಟರು ಸೂಜಿ ಚುಚ್ಚಿದರು. ಅದರಿಂದೇನೂ ಆಗದೆಂದು ಅವರಿಗೊಬ್ಬರಿಗೇ ಗೊತ್ತಿತ್ತು.

ಊರಿಗೆಲ್ಲ ಕಠಿಣರಾಗಿ, ಮನೆಯಲ್ಲಿ ಒಬ್ಬರ ಮುಂದೆ ಮಾತು ನುಂಗುವವರು ಲೋಕದಲ್ಲಿ ಬಹಳ ಮಂದಿ. ಅದನ್ನು ಕರುಣೆಯೆಂದೇ ಕರೆಯುತ್ತೇವೆ, ಬೈಯಲು ಬಾಯಿ ಬಾರದು. ಆದರೆ ಅಂಥವರ ಕರುಣೆಗೆ ಉಸಿರು ತೆರುವುದು ಪಕ್ಕದ ಮನೆಯ ಕೂಸು.