ಸೋಪು ಹುಟ್ಟಿದ ವರ್ಷ

ಏಳು, ಎಂಟು — ಒಂಬತ್ತು? ಹೋದ ಸಲ ಬಂದಾಗ ಎಂಟೇ ಮೆಟ್ಟಿಲಿತ್ತಲ್ಲ, ಕಂಬದ ಮೇಲಿನ ಮನೆ ಬೆಳೆದಿಲ್ಲ, ನೆಲ ಇಳಿದಿದೆ, ಕೆಳಗೊಂದು ಹೊಸ ಮೆಟ್ಟಿಲು ಸೇರಿಸಿದ್ದಾರೆ, ಎಲೆ ಬೇರು ಕೊಳೆತು ಆದ ಈ ಗಂಬುತ್ ಕರಿನೆಲ, ಕಾಲುವೆ ತೋಡಿ ನೀರು ಬಸಿದಲ್ಲಿಂದ ವರ್ಷವರ್ಷ ಕುಸಿಯುತ್ತಿದೆ, ಕುಸಿದದ್ದು ಇಂಗಾಲವಾಗಿ ಗಾಳಿಗೆ ಸೇರುತ್ತಿದೆ, ಇರಲಿ, ನಾನು ಬಂದದ್ದು ಮೆಟ್ಟಿಲು ಎಣಿಸಲಿಕ್ಕಲ್ಲ, ಒಂದು ಸೋಪಿನ ಜಾತಕ ಬರೆಯಲಿಕ್ಕೆ — ಎಣ್ಣೆತಾಳೆ ನೆಟ್ಟಲ್ಲಿಂದ ನೊರೆ ಚರಂಡಿ ಸೇರುವವರೆಗೆ ಗಾಳಿಗೆಷ್ಟು ಕೇಡು, ನೀರಿಗೆಷ್ಟು ಕೇಡು, ಗೊಬ್ಬರ ಆಯಿತು, ಲಾರಿ ಆಯಿತು, ಗಿರಣಿ ಆಯಿತು, ಖಾಲಿ ಉಳಿದದ್ದು ಒಂದೇ ಅಂಕಣ, ಕಾಡು ತೆಗೆದ ವರ್ಷ. ತೆಗೆದು ಇಪ್ಪತ್ತು ವರ್ಷ ದಾಟಿದ್ದರೆ ಕಾಡಿನ ಪಾಪ ಸೊನ್ನೆ, ನಿಯಮ ಹಾಗಿದೆ. ಒಳಗಿದ್ದರೆ ಅಷ್ಟೂ ಹೊಗೆ ಸೋಪಿನ ತಲೆಗೆ, ಹಸಿರು ಮುದ್ರೆ ಇಲ್ಲ, ಕೊಳ್ಳುವವರಿಲ್ಲ, ಊರಿನ ನಲವತ್ತು ಮನೆಯ ತಾಳೆಗೊನೆ ಗಿರಣಿ ಬಾಗಿಲಲ್ಲೇ ಕೊಳೆಯುತ್ತದೆ. ಬೆಳೆಗಾರರ ಸಂಘದ ಹಾಳೆಯಲ್ಲಿ ಇಪ್ಪತ್ತೈದು ವರ್ಷ ಎಂದಿದೆ, ಕೆಳಗೆ ಜಮ್ಹೂರ್ ದೊಡ್ಡಪ್ಪನ ಸಹಿ, ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದ ಕೈ — ಏನೇ ಯುಸ್ನಿದಾರ್, ಅಲ್ಲೇ ನಿಂತ್ಬಿಟ್ಟೆ, ಆಫೀಸರಮ್ಮಂಗೆ ಕೆಂಪು ಹಾಸು ಹಾಸ್ಬೇಕಾ, ಇಲ್ಲ ದೊಡ್ಡಪ್ಪ, ಆ ವರ್ಷದ್ದೊಂದು ಕೇಳ್ಬೇಕಿತ್ತು, ಬರ್ದಿದೀನಲ್ಲೇ, ಅದೇನ್ ಕೇಳ್ತೀಯ, ಬಾ ಇಲ್ಲಿ, ನನ್ನ ಕಂಬ ನೋಡು.

ಅಂಗಳದ ಕಂಬ, ಅಡಿಯ ಕುಸಿಯದ ಜೇಡಿಮಣ್ಣಿನವರೆಗೆ ಇಳಿಸಿದ್ದು, ಪ್ರತಿ ಲೆಬಾರಾನ್ ಹಬ್ಬಕ್ಕೆ ನೆಲದ ಮಟ್ಟಕ್ಕೊಂದು ಮೊಳೆ, ಮಕ್ಕಳ ಎತ್ತರ ಗೋಡೆಗೆ ಗೀಚಿದ ಹಾಗೆ, ಇಲ್ಲಿ ಮಾತ್ರ ಗೆರೆ ಕೆಳಗಿಳಿಯುತ್ತದೆ, ಮೇಲಿನ ಮೊಳೆ ನನ್ನ ಕುತ್ತಿಗೆಗೆ ಬರುತ್ತದೆ — ಅದು ಕಾಡಿಗೆ ಬೆಂಕಿ ಹಾಕಿದ ವರ್ಷದ್ದು ಕಣೆ, ಆಮೇಲೆ ಒಂದ್ ಹಬ್ಬಾನೂ ತಪ್ಸಿಲ್ಲ ನಾನು! ಎಷ್ಟು ಹೆಮ್ಮೆ ಮುಖದಲ್ಲಿ. ಹದಿನೆಂಟು. ಇನ್ನೊಮ್ಮೆ ಎಣಿಸುತ್ತೇನೆ, ಹದಿನೆಂಟೇ. ನಾನಾಗ ಐದನೇ ಕ್ಲಾಸು, ಅಮ್ಮ ಮೂಗಿಗೆ ಒದ್ದೆ ಬಟ್ಟೆ ಕಟ್ಟಿದ್ದಳು, ಕಾಲಿಟ್ಟಲ್ಲೆಲ್ಲ ನೆಲ ಸುಡುತ್ತಿತ್ತು, ಗೊತ್ತಿತ್ತಲ್ಲ ನನಗೆ, ಕೇಳಲು ಬಂದದ್ದೇ ನಾಟಕ, ಅವನು ಸುಳ್ಳು ಹೇಳಿದರೆ ನಾನು ಬಚಾವು ಅಂತ, ಥೂ ನನ್ನ, ಅವನಿಗೆ ಸುಳ್ಳು ನೆನಪಿಟ್ಟುಕೊಳ್ಳಲೂ ಬರುವುದಿಲ್ಲ. ಇಪ್ಪತ್ತೈದೇ ಬರೆದುಬಿಡಲೇ, ಮೊಳೆ ಎಣಿಸಲು ಯಾರು ಬರುತ್ತಾರೆ, ಯಾರೂ ಇಲ್ಲ, ನಾನೇ ಬಂದದ್ದು, ಎಣಿಸಲಿಕ್ಕೆಂದೇ ಕಳಿಸಿದ್ದು ನನ್ನನ್ನು — ಫೋನಿನ ಖಾಲಿ ಅಂಕಣದಲ್ಲಿ ಬೆರಳು ಒಂದು ಒತ್ತಿತು, ಎಂಟು ಒತ್ತಿತು, ಕಳಿಸಿತು, ಹೋಯಿತು, ದೊಡ್ಡಪ್ಪ, ಹದಿನೆಂಟು ಅಂತ ಬರೆದೆ ಎನ್ನಬೇಕು, ಫೋನು ಚೀಲಕ್ಕೆ ಹಾಕುತ್ತೇನೆ. ಏಯ್, ಹಬ್ಬ ಹೆಂಗೂ ಬಂತು, ಈ ವರ್ಷದ್ದೂ ಹೊಡ್ದ್ಬಿಡಾಣ, ನಂಗೆ ಕಣ್ಣು ಮಂಜು, ನೀನು ಹಿಡ್ಕೊ, ನೆಟ್ಟಗೆ, ಹೆದ್ರಬೇಡ್ವೇ, ನಿನ್ನ ಬೆರಳಿಗೆ ಏಟು ಬೀಳಕ್ಕೆ ಬಿಡ್ತೀನಾ — ಮಂಡಿಯೂರಿದ್ದೇನೆ, ನೆಲಕ್ಕೆ ತಾಗಿದ ಮೊಳೆ, ನನ್ನ ಎರಡು ಬೆರಳು, ಎತ್ತಿದ ಸುತ್ತಿಗೆ, ಹತ್ತೊಂಬತ್ತನೇ ಮೊಳೆ.