ಎಲೆಬಳ್ಳಿಯ ಗಂಟು

“ನಿನ್ನೆ ಕೆಟ್ಟ ಕನಸು ಬಿದ್ದಿತ್ತೇ?” ಎಂದು ಫೋನಿನ ಹೆಣ್ಣುದನಿ ಕೇಳಿತು.

“ಏನಿಲ್ರಿ ಅಕ್ಕಾರ, ಆರಾಮ ಅದೀನ್ರಿ,” ಎಂದ ಕೊಟ್ರೇಶ, ಎದುರಿಗೆ ಯಾರೋ ದೊಡ್ಡವರು ಕೂತಿರುವಂತೆ ತಲೆಯ ಟವೆಲ್ ತೆಗೆದು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸವಿತಾಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಬೆಳಗಿನ ಜಾವ ಬೆವೆತು ಎದ್ದು ಕೂತವನು ಇವನೇ. ಹೃದಯದ ಆಪರೇಷನ್ ಮುಗಿಸಿ ಸವಣೂರಿಗೆ ಮರಳಿದ ಮೇಲೆ ಎದೆಯ ಗಾಯವೇನೋ ಮಾಯಿತು. ಆದರೆ ವೀಳ್ಯದೆಲೆಯ ತೋಟದಲ್ಲಿ ಬಳ್ಳಿ ಕಟ್ಟಲು ನಾರು ಹಿಡಿದರೆ ಸಾಕು, ಕೈ ನಡುಗಿ ಉಸಿರು ಕಟ್ಟುತ್ತಿತ್ತು. ಬಳ್ಳಿ ಕಟ್ಟದವನು ಎಂಥ ಎಲೆತೋಟದವನು? ಅದಕ್ಕೇ ಆಸ್ಪತ್ರೆಯವರು ಮನಸ್ಸಿನ ಚಿಕಿತ್ಸೆಯ ಈ ಆ್ಯಪ್ ಹಾಕಿಕೊಟ್ಟಿದ್ದರು. ಅದು ಕೇಳಬೇಕು, ಇವನು ಬಾಯಿಬಿಟ್ಟು ಹೇಳಬೇಕು.

ನಮ್ಮ ಕಡೆಯವರಿಗೆ ಅದೊಂದು ಬಿಟ್ಟು ಎಲ್ಲ ಬರುತ್ತದೆ. ಬಾಳೆಹಣ್ಣು ಹಿಡಿದು ನೋಡಲು ಬಂದವರ ಮುಂದೆ, ಜೀವ ಬಾಯಿಗೆ ಬಂದಿದ್ದರೂ ‘ಆರಾಮ’ ಅನ್ನುವುದೇ ಮರ್ಯಾದೆ.

“ನೀವು ಗುಣಮುಖರಾಗಿದ್ದೀರಿ. ಇಂದಿಗೆ ಚಿಕಿತ್ಸೆ ಮುಗಿಯುತ್ತದೆ. ಕೊನೆಯದಾಗಿ ಏನಾದರೂ ಹೇಳುವುದಿದೆಯೇ?” ಎಂದಿತು, ದಿನವೂ ‘ಆರಾಮ’ ಎಂದೇ ಕೇಳಿದ್ದ ಫೋನು.

ಕೊಟ್ರೇಶನ ಮುಖ ಇಳಿಯಿತು. ಸವಿತಾ ಬಂದು ಪಕ್ಕದಲ್ಲಿ ಕೂತಳು.

“ಅಕಿ ಬಾಳಿಹಣ್ಣು ತಗೊಂಡು ನೋಡಾಕ ಬಂದಾಕಿ ಅಲ್ರಿ. ನೋವು ಕೇಳಾಕ ಅದಾಳ. ಹೇಳ್ರಿ.”

“ಏನಂತ ಹೇಳ್ಲಿ? ನಗ್ತಾರ.”

“ಅಕಿ ಮುಂದ ಬ್ಯಾಡಂದ್ರ ನನ್ನ ಮುಂದ ಹೇಳ್ರಿ. ಅಕಿ ಕೇಳಿಸ್ಕೊಳ್ಳಲಿ.”

ಅವನು ತನ್ನ ಮಣಿಕಟ್ಟು ಸವರಿಕೊಂಡ. ಆಮೇಲೆ ಮೆಲ್ಲಗೆ ಶುರುಮಾಡಿದ.

“ಆಪರೇಷನ್ ಆಗಿ ಎಚ್ಚರಾದಾಗ ಬಾಯಾಗ ಉಸಿರಿನ ನಳಿಗಿ ಇತ್ತು. ಕಿತ್ತುಗೋತೇನಿ ಅಂತ ಎರಡೂ ಕೈ ಮಂಚಕ್ಕ ಕಟ್ಟಿದ್ರು. ಒಳ್ಳೇದಕ್ಕ ಕಟ್ಟಿದ್ರು, ಗೊತ್ತೈತಿ. ಆದ್ರ ನೀರು ಬೇಕಂತ ಕೈ ಎತ್ತಾಕ ಬರಲಿಲ್ಲ, ಸವಿತಾ. ನಿನ್ನ ಕರೀಬೇಕಂದ್ರ ದನೀನ ಇಲ್ಲ. ಸತ್ತ ಹೋದೆ ಅನಕೊಂಡ್ನಿ.”

ಅವನು ಮಗುವಿನಂತೆ ಅತ್ತ. ಸವಿತಾಗೂ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಒಬ್ಬನೇ ಹೊತ್ತುಕೊಂಡಿದ್ದನಲ್ಲ ಎಂದು ಅವನ ಬೆನ್ನು ಸವರಿದಳು.

ಮುಗಿಯಬೇಕಿದ್ದ ಚಿಕಿತ್ಸೆ ಅಂದು ಶುರುವಾಯಿತು. ಫೋನು ಹೇಳಿಕೊಟ್ಟಂತೆ ಮೊದಲು ನಾರನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂರುವುದು, ಹೆದರಿಕೆ ಇಳಿಯುವ ತನಕ ನಿಧಾನ ಉಸಿರಾಡುವುದು. ಆಮೇಲೆ ಒಂದು ಗಂಟು.

ಆ ಗಂಟನ್ನು ಅವನು ತೋಟದಲ್ಲೇ ಹಾಕಿದ. ಹೊಸ ಕುಡಿಯೊಂದು ಆಸರೆಯ ನುಗ್ಗೆಗಿಡದಿಂದ ಜಾರಿ ನೇತಾಡುತ್ತಿತ್ತು. ನಿಧಾನ ಉಸಿರು ಬಿಡುತ್ತ ಅದನ್ನು ಎತ್ತಿ ಗಿಡಕ್ಕೆ ಒರಗಿಸಿದ. ನಾರು ಸುತ್ತಿ ಗಂಟು ಹಾಕಿ, ಬಳ್ಳಿಗೂ ನಾರಿಗೂ ನಡುವೆ ಬೆರಳು ತೂರಿಸಿ ನೋಡಿದ.

“ಬಿಗಿ ಆತೇನವಾ?” ಎಂದು ಬಳ್ಳಿಯನ್ನೇ ಕೇಳಿದ.

ಮತ್ತೆ ಬಿಚ್ಚಿ, ಇನ್ನಷ್ಟು ಸಡಿಲಾಗಿ ಕಟ್ಟಿದ.