ಬಾಗಿಲ ಸಂದಿಯ ಕಾಗದ

ಕೋಲ್ಡ್ ಸ್ಟೋರೇಜ್‌ಗಳಿಗೆ ಬಾಗಿಲು ಕೂರಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಾಗಿಲು ಸೋರಿತು ಎಂದು ಯಾವನೂ ಬೆರಳು ತೋರಿಸಿದ್ದಿಲ್ಲ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ಮಗಳ ಎರಡು ಗಿನಿಪಿಗ್‌ಗಳು, ಬೆಣ್ಣೆ ಮತ್ತು ಮಸಿ, ಮೊದಲು ಅಡುಗೆಮನೆಯ ಮೂಲೆಯಲ್ಲಿದ್ದವು. ಪಾಪು ಹುಟ್ಟಿ ಅವನಿಗೆ ಉಬ್ಬಸ ಶುರುವಾದ ಮೇಲೆ, ರೋಮದ ಪ್ರಾಣಿ ಮನೆಯೊಳಗೆ ಬೇಡ ಎಂದರು ಡಾಕ್ಟರು. ಗೂಡು ಹಿತ್ತಲಿಗೆ ಹೋಯಿತು. ಒಂಬತ್ತು ವರ್ಷದ ಮಗಳು ಎರಡು ದಿನ ಮುಖ ಊದಿಸಿಕೊಂಡಳು. ಚಳಿ ಅವುಗಳ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ನಂಬಿದಳು. ಅಪ್ಪನ ಮಾತಲ್ಲವೇ.

ಮೊದಮೊದಲು ದಪ್ಪಗೆ ಒಣಹುಲ್ಲು ಹಾಸಿ, ಜಾಲರಿಗೆ ಗೋಣಿತಾಟು ಇಳಿಬಿಟ್ಟೆ. ನಮ್ಮ ಬೆಟ್ಟದೂರಿನ ಚಳಿಗೆ ಒಂದು ಬೆಳಿಗ್ಗೆ ಅವುಗಳ ಬಾಟಲಿಯ ನೀರು ಹೆಪ್ಪುಗಟ್ಟಿತ್ತು. ಮಗಳು ಅದನ್ನು ತಂದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದಳು.

ಆ ಭಾನುವಾರವಿಡೀ ಗೂಡಿನ ಮುಂದೆ ಕೂತೆ. ಒಳಗೆ ಸುತ್ತಲೂ ಥರ್ಮೋಕೋಲ್ ಬಡಿದೆ, ಸಂದಿಗಳಿಗೆಲ್ಲ ಸಿಲಿಕೋನ್ ಅಂಟು ತುಂಬಿದೆ, ಜಾಲರಿ ಕಿತ್ತು ಹಲಗೆಯ ಬಾಗಿಲಿಟ್ಟು ಅಂಚಿಗೆ ರಬ್ಬರ್ ಕೂರಿಸಿದೆ. ನಮ್ಮ ಕೆಲಸದಲ್ಲಿ ಮುಚ್ಚಿದ ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುತ್ತೇವೆ. ಸಲೀಸಾಗಿ ಬಂದರೆ ಗಾಳಿ ಸೋರುತ್ತದೆ ಎಂದರ್ಥ. ಮಗಳ ಕೈಗೇ ಕೊಟ್ಟೆ. ಅವಳು ಎಳೆದಳು, ಕಾಗದ ಹರಿಯಿತೇ ಹೊರತು ಬರಲಿಲ್ಲ. ಎಷ್ಟೋ ದಿನಗಳ ಮೇಲೆ ನಕ್ಕಳು, ನಾನೂ ಬೀಗಿದೆ. ನನ್ನ ಬಾಗಿಲುಗಳ ಹಿಂದೆ ಇರುವುದೆಲ್ಲ ಐಸ್‌ಕ್ರೀಮ್ ಡಬ್ಬಗಳು. ಡಬ್ಬಗಳಿಗೆ ಉಸಿರಾಟವಿಲ್ಲ ಎಂಬುದು ಈ ದಡ್ಡನಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಬೆಚ್ಚನೆಯ ಹಸಿ ಗಾಳಿ ಮುಖಕ್ಕೆ ಬಡಿಯಿತು. ಒಳಗೋಡೆಗಳಲ್ಲಿ ನೀರು ಇಳಿಯುತ್ತಿತ್ತು, ಹುಲ್ಲು ತೊಯ್ದಿತ್ತು. ಬೆಣ್ಣೆ, ಮಸಿ ಎರಡೂ ಬಾಗಿಲಿನ ಅಂಚಿಗೆ ಮೂಗು ಒತ್ತಿಕೊಂಡು ಸತ್ತುಬಿದ್ದಿದ್ದವು. ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ನನ್ನ ಬೆನ್ನ ಹಿಂದೆ ಯೂನಿಫಾರ್ಮ್ ಹಾಕಿಕೊಂಡು, ಕೈಯಲ್ಲಿ ಕ್ಯಾರೆಟ್ ಹಿಡಿದು ಮಗಳು ನಿಂತಿದ್ದಳು.

ಅವಳು ಅಳಲಿಲ್ಲ.

"ಅಪ್ಪಾ, ನಿನ್ನೆ ನೀನು ಒಳಗೆ ಹೋದ್ಮೇಲೆ ನಾನು ಒಂದೇ ಸಲ ಬಾಗಿಲು ತೆಗೆದಿದ್ದೆ. ಮುಟ್ಟಿ ಬರೋಣ ಅಂತ. ಅಷ್ಟರಲ್ಲೇ ಚಳಿ ಒಳಗೆ ಹೋಗ್ಬಿಡ್ತಾ?"

ಇಲ್ಲ ಅನ್ನಬೇಕಿತ್ತು. ಒಂದೇ ಒಂದು ಮಾತು.

"ಸ್ಕೂಲಿಗೆ ಹೊತ್ತಾಯ್ತು, ನಡಿ" ಎಂದೆ.

ಸಂಜೆ ಅವಳು ಬರುತ್ತಲೇ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಗಾಳಿಯಿಲ್ಲದೆ ಸತ್ತವು, ಕೊಂದವನು ನಾನು, ನಿನ್ನದೇನೂ ತಪ್ಪಿಲ್ಲ ಎಂದೆ. ಆದರೆ ಅವಳು ಇಡೀ ದಿನ ಕ್ಲಾಸಿನಲ್ಲಿ ಕೂತು ತಪ್ಪು ತನ್ನದೇ ಎಂದು ತೀರ್ಮಾನ ಮಾಡಿ ಮುಗಿಸಿದ್ದಳು. ದೊಡ್ಡವಳ ಹಾಗೆ ನನ್ನ ಕೈ ಸವರಿದಳು.

"ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ. ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಮತ್ತೆ?"

ಆಮೇಲೆ ಹತ್ತು ಸಲ ಹೇಳಿದ್ದೇನೆ, ನನ್ನ ಹೆಂಡತಿಯೂ ಹೇಳಿದ್ದಾಳೆ. ಪ್ರತಿ ಸಲವೂ ಹೂಂ ಅನ್ನುತ್ತಾಳೆ, ಅಷ್ಟೆ.

ಮತ್ತೆ ಚಳಿಗಾಲ ಬಂದಿದೆ. ಸಂಜೆಯಾದರೆ ಮಗಳು ನೋಟ್‌ಬುಕ್ಕಿನ ಹಾಳೆ ಕತ್ತರಿಸಿಕೊಂಡು ಪಾಪುವಿನ ಕೋಣೆಗೆ ಹೋಗುತ್ತಾಳೆ. ಕಿಟಕಿ ಮುಚ್ಚಿ, ಸಂದಿಗೆ ಕಾಗದ ಸಿಕ್ಕಿಸಿ ಎಳೆಯುತ್ತಾಳೆ. ಅವಳು ಹೋದ ಮೇಲೆ ನಾನು ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡುತ್ತೇನೆ. ಬೆಳಿಗ್ಗೆ ನೋಡಿದರೆ ಮುಚ್ಚಿರುತ್ತದೆ, ಸಂದಿಯಲ್ಲಿ ಹರಿದ ಕಾಗದದ ಚೂರು ಇರುತ್ತದೆ.